ಕೊತ್ತಿಯ ಗೊರಗೊರ

ಚೇಳೂರು ಕಡೆಯ ತೆಂಗಿನ ತೋಟದ ಮನೆಗಳಲ್ಲಿ ಕೊತ್ತಿ ಬೇಕೇ ಬೇಕು. ಅಟ್ಟಕ್ಕೆ ಹಾಕಿದ ಬಲಿತ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಕೆಳಗೆ ರಾಗಿ, ಹುರುಳಿಯ ಮೂಟೆಗಳು. ಇಷ್ಟನ್ನೂ ಇಲಿಯಿಂದ ಕಾಯಬೇಕು. ರಾತ್ರಿಯೆಲ್ಲ ಅಟ್ಟದಲ್ಲಿದ್ದ ಕೊತ್ತಿ ಬೆಳಗಿನ ಜಾವ ನನ್ನ ಕಂಬಳಿಯೊಳಗೆ ನುಸುಳಿ ಗೊರಗೊರ ಶುರು ಮಾಡಿತೆಂದರೆ ನಮ್ಮಜ್ಜಿಯದು ಒಂದೇ ಮಾತು: “ಅದಕ್ಕೆ ಗೂರ್ಲು ಕಣಪ್ಪ, ಎದೆ ಮೇಲೆ ಮಲಗಿಸ್ಕೊಬ್ಯಾಡ. ನಿಂಗೂ ಅಂಟ್ಕಳ್ಳುತ್ತೆ.”

ಗೂರಲು ಅಂಟುರೋಗವಲ್ಲ, ಆ ಗೊರಗೊರ ಗೂರಲೂ ಅಲ್ಲ. ಆದರೂ ಅಜ್ಜಿ ಒಂದನ್ನು ಸರಿಯಾಗಿ ಗುರುತಿಸಿದ್ದರು. ಆ ಸದ್ದು ಉಸಿರಾಟದ ಜೊತೆಗೇ ಹೆಣೆದುಕೊಂಡಿದೆ. ನಾವು ಮಾತಾಡುವುದು ಉಸಿರು ಬಿಡುವಾಗ. ಕೊತ್ತಿ ಮಿಯಾಂವ್ ಎನ್ನುವುದೂ ಹಾಗೆಯೇ. ಗೊರಗೊರ ಮಾತ್ರ ಉಸಿರು ಎಳೆದುಕೊಳ್ಳುವಾಗಲೂ ಇರುತ್ತದೆ, ಬಿಡುವಾಗಲೂ ಇರುತ್ತದೆ. ಅದಕ್ಕೇ ಅದು ನಿಂತಂತೆ ಕೇಳುವುದೇ ಇಲ್ಲ.

ಈ ಸದ್ದಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 25ರಿಂದ 30 ಸಲ ಅದುರುತ್ತವೆ. ಗಂಡಸಿನ ಮಾತಿನಲ್ಲಿ ಅವು ನೂರಕ್ಕೂ ಹೆಚ್ಚು ಸಲ ಅದುರುತ್ತವೆ ಎಂದರೆ ಇದೆಷ್ಟು ತಗ್ಗಿನ ಸ್ವರ ಎಂದು ಊಹಿಸಬಹುದು. ಇಂಥ ಸ್ವರ ದೊಡ್ಡ ದೇಹದ ಪ್ರಾಣಿಗಳಿಗೆ ಸೇರಿದ್ದು. ನಾಲ್ಕೈದು ಕಿಲೋ ತೂಗುವ ಜೀವಕ್ಕೆ ಇದು ಎಲ್ಲಿಂದ ಬಂತು? ಮಿದುಳು ಗಂಟಲಿನ ಸ್ನಾಯುಗಳನ್ನು ಒಂದೇ ಸಮ ಬಿಗಿದು ಸಡಿಲಿಸುತ್ತದೆ ಎಂದು 1970ರ ದಶಕದಿಂದ ನಂಬಿಕೊಂಡು ಬಂದಿದ್ದರು. 2023ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಹರ್ಬ್ಸ್ಟ್ ಮತ್ತು ಜೊತೆಗಾರರು, ವಾಸಿಯಾಗದ ಕಾಯಿಲೆಯಿಂದ ತೀರಿಹೋದ 8 ಬೆಕ್ಕುಗಳ ಧ್ವನಿಪೆಟ್ಟಿಗೆಗಳ ಮೂಲಕ ಬೆಚ್ಚನೆಯ ಒದ್ದೆ ಗಾಳಿ ಹಾಯಿಸಿ ನೋಡಿದರು. ನರದ ಸಂಪರ್ಕವೇ ಇಲ್ಲದೆ ಎಂಟೂ ಅದೇ ತಗ್ಗಿನ ಸ್ವರದಲ್ಲಿ ನುಡಿದವು. ಧ್ವನಿತಂತುಗಳೊಳಗೆ ಮೆತ್ತೆಯಂಥ ಅಂಗಾಂಶ ಹುದುಗಿರುವುದು ಕಂಡಿತು. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತಿದರೆ ಚರ್ಮ ಭಾರವಾಗಿ ನಾದ ಇಳಿಯುತ್ತದಲ್ಲ, ಈ ಮೆತ್ತೆಯ ಕೆಲಸವೂ ಅಂಥದ್ದೇ ಇರಬೇಕು ಎನ್ನುತ್ತಾರೆ. ಬದುಕಿರುವ ಬೆಕ್ಕಿನಲ್ಲಿ ಸ್ನಾಯುಗಳ ಪಾಲೂ ಇದೆ ಎನ್ನುವವರು ಇನ್ನೂ ಇದ್ದಾರೆ.

ತುಮಕೂರು ಸೀಮೆಯ ಗುಡ್ಡಗಳಲ್ಲಿರುವ ಚಿರತೆಯೂ ಬೆಕ್ಕಿನ ಬಳಗವೇ. ಆದರೆ ಗರ್ಜಿಸಬಲ್ಲ ಹುಲಿ, ಸಿಂಹ, ಚಿರತೆಗಳಿಗೆ ಈ ಎಡೆಬಿಡದ ಗೊರಗೊರ ಒಲಿದಿಲ್ಲ. ರಾತ್ರಿ ಮರ ಕೊಯ್ಯುವ ಗರಗಸದಂತೆ ಕೇಳುವುದು ಚಿರತೆಯ ಕೂಗು.

ಕನ್ನಡದಲ್ಲಿ ಒಂದು ತೊಡಕಿದೆ. ಮಡಿಲಲ್ಲಿ ಮಲಗಿದ ಕೊತ್ತಿಯೂ ‘ಗುರ್’ ಅನ್ನುತ್ತದೆ, ಮೀನಿನ ತಲೆ ಕಚ್ಚಿಕೊಂಡು ನಮ್ಮನ್ನು ದುರುಗುಟ್ಟುವ ಕೊತ್ತಿಯೂ ‘ಗುರ್’ ಅನ್ನುತ್ತದೆ. ಎರಡಕ್ಕೂ ನಾವು ಗುರುಗುಟ್ಟುವುದು ಎಂದೇ ಹೇಳುತ್ತೇವೆ. ಮಕ್ಕಳು ಇದರಿಂದಲೇ ಪರಚಿಸಿಕೊಳ್ಳುವುದು. ಕೈ ಹಾಕುವ ಮುಂಚೆ ಸ್ವಲ್ಪ ದೂರದಿಂದಲೇ ಉಸಿರನ್ನು ಗಮನಿಸಿ. ಸಿಟ್ಟಿನ ಗುರ್ ಉಸಿರು ಬಿಡುವಾಗ ಉದ್ದಕ್ಕೆ ಬಂದು ಮಧ್ಯೆ ಕಡಿಯುತ್ತದೆ, ಕಿವಿ ಹಿಂದಕ್ಕೆ ಮಲಗಿರುತ್ತದೆ, ಮೈ ಬಿಗಿದಿರುತ್ತದೆ.

ಬಾಯಿಯನ್ನೂ ನೋಡಬೇಕು. ಮಿಲ್ಡ್ರೆಡ್ ಮೋಲ್ಕ್ ಎಂಬಾಕೆ 1944ರಲ್ಲಿ ಸಾಕುಬೆಕ್ಕಿನ 16 ಸದ್ದುಗಳನ್ನು ಗುರುತಿಸಿ, ಬಾಯಿಯ ಆಕಾರ ನೋಡಿ ಮೂರು ಗುಂಪು ಮಾಡಿದ್ದರು. ಈ ವಿಂಗಡಣೆ ನನಗೆ ಇವತ್ತಿಗೂ ತುಂಬ ಉಪಯುಕ್ತ ಅನ್ನಿಸುತ್ತದೆ. ಬಾಯಿ ಮುಚ್ಚಿಕೊಂಡೇ ಮಾಡುವ ಸದ್ದುಗಳು ಸಲಿಗೆಯವು: ಗೊರಗೊರ, ಮತ್ತೆ ತಾಯಿ ಮರಿಗಳನ್ನು ಕರೆಯುವ ‘ಮ್ರ್ರ್’. ಬಾಲ ನಿಗುರಿಸಿಕೊಂಡು ಮನೆಗೆ ಬಂದ ಕೊತ್ತಿ ನಮ್ಮನ್ನು ಮಾತಾಡಿಸುವುದೂ ಈ ‘ಮ್ರ್ರ್’ನಿಂದಲೇ. ಬಾಯಿ ತೆರೆದು ಮುಚ್ಚುತ್ತ ಹೊರಡಿಸುವುದು ಮಿಯಾಂವ್. ಬೆಳೆದ ಸಾಕುಬೆಕ್ಕುಗಳು ಪರಸ್ಪರ ಇದನ್ನು ಬಳಸುವುದು ಕಡಿಮೆ, ಹೆಚ್ಚಾಗಿ ಮನುಷ್ಯರಿಗೇ ಮೀಸಲು. ಬಾಯಿ ಬಿಗಿಯಾಗಿ ತೆರೆದೇ ಇದ್ದರೆ ಬುಸ್, ಜಗಳದ ಅರಚು, ಬೆದೆಗೆ ಬಂದ ಹೆಣ್ಣಿನ ಎಳೆಮಗು ಅತ್ತಂಥ ರಾತ್ರಿಯ ಕೂಗು. ಈ ಕೂಗಿಗೆ ಹೆದರಿ ಕಲ್ಲು ಬೀಸುವವರಿದ್ದಾರೆ, ದಯವಿಟ್ಟು ಬೀಸಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಕೂಗು ನಿಲ್ಲುತ್ತದೆ.

ಕಿಟಕಿಯಾಚೆ ಅಳಿಲು ಕಂಡಾಗ ದವಡೆ ನಡುಗಿಸುತ್ತ ಮಾಡುವ ಕಟಕಟ ಸದ್ದು ಬೇಟೆಯ ಉದ್ವೇಗದ್ದು.

ಇನ್ನೊಂದು ಬೆಳಗಿನ ಜಾವದ್ದು. ಹಸಿದ ಕೊತ್ತಿಯ ಗೊರಗೊರ ಕೇಳಿ ಎದ್ದು ಹಾಲು ಹಾಕುವ ತನಕ ನಿದ್ದೆ ಹತ್ತುವುದಿಲ್ಲ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕಾಂಬ್ 2009ರಲ್ಲಿ ಇದರ ಗುಟ್ಟು ತೋರಿಸಿದರು. ಊಟ ಬೇಡುವಾಗ ತಗ್ಗಿನ ಗೊರಗೊರದೊಳಗೆ ಸುಮಾರು 380 ಹರ್ಟ್ಸ್‌ನ ಒಂದು ಸಣ್ಣ ಅಳು ಸೇರಿರುತ್ತದೆ. ಮಗುವಿನ ಅಳುವೂ ಹೆಚ್ಚುಕಡಿಮೆ ಅದೇ ಎತ್ತರದ್ದು. ಬೆಕ್ಕು ಸಾಕದವರ ಕಿವಿಗೂ ಅದು ಅವಸರದ್ದಾಗಿಯೇ ಕೇಳಿತ್ತು.

ಗೊರಗೊರ ಎಂದರೆ ಸದಾ ಸುಖ ಎಂದುಕೊಳ್ಳಬಾರದು, ಇದನ್ನು ಒತ್ತಿ ಹೇಳಬೇಕು. ಹೆರುವಾಗ, ಪೆಟ್ಟಾದಾಗ, ಸಾವಿನ ಹೊತ್ತಿನಲ್ಲೂ ಬೆಕ್ಕು ಗೊರಗುಟ್ಟುತ್ತದೆ. ಮೂಲೆ ಸೇರಿ, ಅನ್ನ ಬಿಟ್ಟು ಗೊರಗುಟ್ಟುತ್ತಿದ್ದರೆ ಅದಕ್ಕೆ ನೋವಿದೆ. ಗಂಡು ಕೊತ್ತಿ ಮತ್ತೆ ಮತ್ತೆ ಉಚ್ಚೆಗೆ ಕೂತು, ಬಾರದೆ ಅರಚಿದರೆ ಮೂತ್ರನಾಳ ಕಟ್ಟಿರಬಹುದು. ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಬೇಕು. ಒಂದೆರಡು ದಿನ ತಡವಾದರೂ ಪ್ರಾಣ ಹೋಗಬಹುದು. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬಾರದು, ಬೆಕ್ಕಿಗೆ ಅದು ವಿಷ. ದನಿ ಇದ್ದಕ್ಕಿದ್ದಂತೆ ಒಡೆದು, ಸ್ವಭಾವವೂ ಬದಲಾಗಿ ಮೈಮೇಲೆ ಎರಗಿದರೆ ರೇಬಿಸ್ ಇರಬಹುದು. ಕಚ್ಚಿದ, ಪರಚಿದ ಜಾಗವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಅಜ್ಜಿ ಹೇಳಿದ ಗೂರಲಿಗೆ ಬಂದರೆ, ಬೆಕ್ಕಿಗೆ ನಿಜವಾದ ಗೂರಲೂ ಬರುತ್ತದೆ. ಆಗ ಗೊರಗೊರ ಇರುವುದಿಲ್ಲ. ನೆಲಕ್ಕೆ ಕುಕ್ಕರಿಸಿ, ಕತ್ತು ಮುಂದಕ್ಕೆ ಚಾಚಿ ಕೆಮ್ಮುತ್ತದೆ, ಉಸಿರು ಬಿಡುವಾಗ ಸುಂಯ್ ಅನ್ನುತ್ತದೆ. ಅನುಮಾನ ಬಂದರೆ ನಿದ್ದೆಯಲ್ಲಿರುವಾಗ ಪಕ್ಕೆ ನೋಡುತ್ತ ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. ಮೂವತ್ತರೊಳಗಿದ್ದರೆ ಸರಿ. ದಿನವೂ ನಲವತ್ತು ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಎಣಿಸುತ್ತ ಕೂರದೆ ತಕ್ಷಣ ಹೊರಡಿ. ಅಲ್ಲಿ ಹೋದ ಮೇಲೆ ಕೊತ್ತಿ ಗೊರಗುಟ್ಟತೊಡಗಿ ಸ್ಟೆತಸ್ಕೋಪಿಗೆ ಎದೆ ಬಡಿತ ಸಿಗದಿದ್ದರೆ ಪಕ್ಕದಲ್ಲಿ ನಲ್ಲಿ ತಿರುಗಿಸಬೇಕು. ನೀರು ಸುರಿಯುವ ಸದ್ದಿಗೆ ಬಹಳಷ್ಟು ಬೆಕ್ಕುಗಳು ಗೊರಗೊರ ನಿಲ್ಲಿಸುತ್ತವೆ.