ಕಲ್ಲು, ಉಕ್ಕು ಮತ್ತು ಮನಸ್ಸು

ಇಂಗ್ಲಿಷಿನ 'ಹಾರ್ಡ್' ಎಂಬ ಪದವನ್ನು ಅರಿಯದ ವಿದ್ಯಾರ್ಥಿಯಿಲ್ಲ. ಕಲ್ಲು ಹಾರ್ಡ್, ಪರೀಕ್ಷೆ ಹಾರ್ಡ್, ಕರುಣೆಯಿಲ್ಲದ ಹೃದಯವೂ ಹಾರ್ಡ್. ವಸ್ತುವಿನ ಗುಣವನ್ನೂ ಮನಸ್ಸಿನ ಸ್ಥಿತಿಯನ್ನೂ ಒಂದೇ ಪದವು ಸೂಚಿಸುವುದು ನಮಗೆ ವಿಚಿತ್ರವೆನಿಸದು. ಕಲ್ಲೆದೆಯವರು ನಮ್ಮ ಮಾತಿನಲ್ಲಿಯೂ ಇದ್ದಾರಷ್ಟೆ. ಆದರೆ ಗಟ್ಟಿಯಾಗುವುದನ್ನು ಹೇಳಲು ಇಂಗ್ಲಿಷಿನಲ್ಲಿ ಇನ್ನೂ ಹಲವು ಪದಗಳುಂಟು. ಅವೆಲ್ಲಕ್ಕೂ 'ಕಠಿಣ' ಎಂಬ ಒಂದೇ ಅರ್ಥವನ್ನು ಬರೆದು ಮುಂದೆ ಸಾಗಿದರೆ ನಾವು ಬಹಳವನ್ನು ಕಳೆದುಕೊಳ್ಳುತ್ತೇವೆ. ಏಕೆಂದರೆ ಆ ಒಂದೊಂದು ಪದದ ಹಿಂದೆಯೂ ಒಂದೊಂದು ಬಗೆಯ ಕ್ರಿಯೆ ಅಡಗಿದೆ.

ಮೊದಲು, ಗಡಸುತನವೆಂದರೇನು? ಗೀರಿಗೂ ತಗ್ಗಿಗೂ ಎಡೆಗೊಡದಿರುವ ಗುಣವೇ ಗಡಸುತನ. ಜರ್ಮನಿಯ ಖನಿಜ ವಿಜ್ಞಾನಿ ಫ್ರೀಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳನ್ನು ಗಡಸುತನದ ಕ್ರಮದಲ್ಲಿ ಜೋಡಿಸಿದನು. ಉಗುರಿನಿಂದ ಗೀರಬಹುದಾದ ಟಾಲ್ಕಿಗೆ 1, ವಜ್ರಕ್ಕೆ 10. ವಜ್ರಕ್ಕೆ ಗ್ರೀಕರ 'ಅಡಮಾಸ್', ಎಂದರೆ 'ವಶವಾಗದುದು', ಎಂಬ ಪದದಿಂದ ಹೆಸರು ಬಂದಿತು. ಇಂಗ್ಲಿಷಿನ 'ಡೈಮಂಡ್' ಮತ್ತು ಪಟ್ಟು ಬಿಡದವನನ್ನು ವರ್ಣಿಸುವ 'ಅಡಮಂಟ್' ಎರಡೂ ಈ ಮೂಲದವೇ. ಆದರೆ ವಶವಾಗದ ಈ ವಜ್ರವೂ ಸರಿಯಾದ ದಿಕ್ಕಿನಲ್ಲಿ ಸುತ್ತಿಗೆಯ ಪೆಟ್ಟು ಬಿದ್ದರೆ ಸೀಳಿಹೋಗುತ್ತದೆ! ಗೀರಾಗದಿರುವುದು ಬೇರೆ, ಒಡೆಯದಿರುವುದು ಬೇರೆ. ಈ ಭೇದವನ್ನು ನೆನಪಿನಲ್ಲಿಡೋಣ.

ಇನ್ನು 'ಕ್ಯಾಲಸ್' ಎಂಬ ಪದವನ್ನು ನೋಡೋಣ. ಇದರ ಮೂಲ, ದಪ್ಪ ಚರ್ಮವೆಂಬ ಅರ್ಥದ ಲ್ಯಾಟಿನ್ ಪದ 'ಕ್ಯಾಲಮ್'. ಗುದ್ದಲಿ ಹಿಡಿಯುವ ಅಂಗೈ ಜಡ್ಡುಗಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಉಜ್ಜಾಟ ಮತ್ತು ಒತ್ತಡಗಳಿಂದ ಹೊರಚರ್ಮದ ಜೀವಕೋಶಗಳು ಬೇಗ ಬೇಗ ಹೆಚ್ಚಿ, ಸತ್ತ ಕೋಶಗಳ ಪದರವು ದಪ್ಪವಾಗುತ್ತದೆ. ಅದು ಒಳಗಿನ ಅಂಗಾಂಶವನ್ನು ಕಾಪಾಡುತ್ತದೆ; ಜೊತೆಗೆ ನವಿರಾದ ಸ್ಪರ್ಶದ ಅರಿವನ್ನು ಕುಂದಿಸುತ್ತದೆ. ಇತರರ ನೋವು ತಟ್ಟದವನನ್ನು ಇಂಗ್ಲಿಷರು 'ಕ್ಯಾಲಸ್' ಎಂದಂತೆಯೇ ನಾವು ಅವನ ಮನಸ್ಸು ಜಡ್ಡುಗಟ್ಟಿದೆ ಎನ್ನುತ್ತೇವೆ. ಒಂದು ಸಮಾಧಾನವೆಂದರೆ, ಉಜ್ಜಾಟ ನಿಂತರೆ ಅಂಗೈಯ ಜಡ್ಡು ಕ್ರಮೇಣ ಕರಗುತ್ತದೆ.

'ಪೆಟ್ರಿಫೈ' ಎಂಬುದಕ್ಕೆ ಇಂತಹ ಸಮಾಧಾನವಿಲ್ಲ. 'ಪೆಟ್ರ' ಎಂದರೆ ಬಂಡೆ. ಹೂತುಹೋದ ಮರದೊಳಕ್ಕೆ ಸಿಲಿಕ ಬೆರೆತ ನೀರು ಇಳಿದು, ಅದರ ಕೋಶಗಳನ್ನು ತುಂಬಿ, ಕಾಲಾಂತರದಲ್ಲಿ ಮರವೇ ಕಲ್ಲಾಗುತ್ತದೆ. ಅಮೆರಿಕದ ಅರಿಜೋನದಲ್ಲಿ 20 ಕೋಟಿ ವರ್ಷಗಳಿಗೂ ಹಿಂದಿನ ಇಂತಹ ದಿಮ್ಮಿಗಳಿವೆ. ಆಕಾರ ಉಳಿದಿದೆ, ಜೀವವಿಲ್ಲ. ಭಯದಿಂದ ಕಲ್ಲಾಗಿ ನಿಂತವನಿಗೂ ಇದೇ ಪದ ಸಲ್ಲುತ್ತದೆ.

ಕಮ್ಮಾರನ ಕುಲುಮೆಯಿಂದ ಬಂದ ಪದಗಳು ಇವೆಲ್ಲಕ್ಕಿಂತ ಬೋಧಪ್ರದವಾದುವು. ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಿದಾಗ ಅದರಲ್ಲಿರುವ ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಹರಡಿಕೊಳ್ಳುತ್ತವೆ. ನಿಧಾನವಾಗಿ ಆರಿಸಿದರೆ ಅವು ಬೇರ್ಪಡುತ್ತವೆ. ನೀರಿನಲ್ಲಿ ತಟಕ್ಕನೆ ಅದ್ದಿದರೆ ಹೊರಬರಲು ಸಮಯವಿಲ್ಲದೆ ಸಿಕ್ಕಿಬೀಳುತ್ತವೆ. ಆಗ ಕಬ್ಬಿಣದ ಹರಳುಗಳು ಬಿಗಿದುಕೊಂಡು ಉಕ್ಕು ಬಹಳ ಗಡಸಾಗುತ್ತದೆ. ಅಷ್ಟೇ ಪೆಡಸೂ ಆಗುತ್ತದೆ. ಅಂತಹ ಉಳಿಯನ್ನು ಕಲ್ಲಿನ ಮೇಲಿಟ್ಟು ಬಡಿದರೆ ಚೂರಾದೀತು. ಆದುದರಿಂದ ಅದನ್ನು 200ರಿಂದ 600 ಡಿಗ್ರಿಗಳೊಳಗೆ ಮತ್ತೊಮ್ಮೆ ಕಾಯಿಸುತ್ತಾರೆ. ಗಡಸುತನ ಕೊಂಚ ತಗ್ಗಿ, ಪೆಟ್ಟು ತಾಳುವ ಶಕ್ತಿ ಹೆಚ್ಚುತ್ತದೆ. ಈ ಕ್ರಿಯೆಯ ಹೆಸರು 'ಟೆಂಪರ್' ಮಾಡುವುದು. ತಕ್ಕ ಪ್ರಮಾಣದಲ್ಲಿ ಬೆರೆಸುವುದೆಂಬುದು ಇದರ ಲ್ಯಾಟಿನ್ ಮೂಲದ ಅರ್ಥ. ಕನ್ನಡದ 'ಹದ'ವೂ ಇದೇ ಅಲ್ಲವೆ? ಸಿಟ್ಟಾದವನು 'ಟೆಂಪರ್ ಕಳೆದುಕೊಂಡ'ನೆಂದರೆ, ಅವನು ಹದ ತಪ್ಪಿದನೆಂದೇ ಮೂಲಾರ್ಥ.

ಯಂತ್ರದ ಹಲ್ಲುಚಕ್ರಗಳಿಗೆ ಇನ್ನೊಂದು ಉಪಾಯವುಂಟು. ಉಕ್ಕಿನ ಹೊರಪದರಕ್ಕೆ ಮಾತ್ರ ಇಂಗಾಲವನ್ನು ಊಡಿಸಿ ಗಡಸು ಮಾಡುವರು. ಇದು 'ಕೇಸ್ ಹಾರ್ಡನಿಂಗ್'. ಅನುಭವದಿಂದ ಮರುಕವನ್ನು ಕಳೆದುಕೊಂಡವನನ್ನೂ ಇಂಗ್ಲಿಷರು 'ಕೇಸ್ ಹಾರ್ಡನ್ಡ್' ಎನ್ನುತ್ತಾರೆ. ಆದರೆ ಈ ಹೋಲಿಕೆಯು ಅರ್ಧ ಸತ್ಯವನ್ನು ಮರೆತಿದೆ. ಎಂಜಿನಿಯರನು ಚಕ್ರದ ಒಳಭಾಗವನ್ನು ಬೇಕೆಂದೇ ಮೆದುವಾಗಿ ಉಳಿಸುತ್ತಾನೆ. ಆ ಮೆದುತನವೇ ಪೆಟ್ಟನ್ನು ನುಂಗಿ ಚಕ್ರವನ್ನು ಒಡೆಯದಂತೆ ಕಾಯುತ್ತದೆ.

ಕೊನೆಯದಾಗಿ ಒಂದು ಜೋಡಿ. ಲ್ಯಾಟಿನ್ನಿನ 'ಡ್ಯೂರಸ್' ಎಂದರೆ ಗಟ್ಟಿ. ಅದರಿಂದ ಇಂಗ್ಲಿಷಿಗೆ 'ಆಬ್ಡ್ಯುರೇಟ್' ಬಂದಿತು: ಬೇಡಿಕೆಗೂ ಬುದ್ಧಿಮಾತಿಗೂ ಮಣಿಯದವನು. ಅದರಿಂದಲೇ 'ಎಂಡ್ಯೂರ್' ಕೂಡ ಬಂದಿತು: ಕಷ್ಟವನ್ನು ತಾಳಿಕೊಳ್ಳುವುದು. ಒಂದೇ ಬೇರು, ಒಂದು ಕವಲು ಮೊಂಡುತನಕ್ಕೆ, ಇನ್ನೊಂದು ತಾಳ್ಮೆಗೆ. ಜೀವನದ ಪೆಟ್ಟುಗಳು ಎಲ್ಲರನ್ನೂ ಒಂದಿಷ್ಟು ಗಟ್ಟಿ ಮಾಡುವುವು. ಆ ಗಟ್ಟಿತನವು ಅಂಗೈಯ ಜಡ್ಡೋ, ಕಲ್ಲಾದ ಮರವೋ, ಹದಗೊಂಡ ಉಕ್ಕೋ ಎಂಬುದನ್ನು ವಿದ್ಯಾರ್ಥಿಗಳು ನಿಘಂಟಿನಲ್ಲಿ ವಿಚಾರಿಸುವಂತೆಯೇ ತಮ್ಮಲ್ಲಿಯೂ ಆಗಾಗ ವಿಚಾರಿಸಿಕೊಳ್ಳುವುದು ಒಳ್ಳೆಯದು.