ನೂರರ ಗೆರೆಯ ಮೇಲೆ ನರ್ಸಿನ ಕೈಗುಣ

ಅನುಭವಿ ನರ್ಸ್ ವಾರ್ಡಿಗೆ ಕಾಲಿಟ್ಟ ಕೂಡಲೇ ಮೂರನೇ ಹಾಸಿಗೆಯ ರೋಗಿಯ ಉಸಿರು ಯಾಕೋ ಸರಿಯಿಲ್ಲ ಎಂದು ಗುರುತಿಸಿಬಿಡುತ್ತಾರೆ. ಮಾನಿಟರ್ ಇನ್ನೂ ಕೂಗಿರುವುದಿಲ್ಲ. ಓದಿನ ಅಂಕಪಟ್ಟಿಯಲ್ಲಿ ಕಾಣದ ಈ ನೈಪುಣ್ಯವನ್ನು ಅಳೆಯುವುದು ಹೇಗೆ?

ಫಿನ್‌ಲೆಂಡಿನ ರೀತ್ತಾ ಮೆರೆತೊಯಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ನರ್ಸ್ ಕಾಂಪಿಟೆನ್ಸ್ ಸ್ಕೇಲ್’ ಇದನ್ನು ನರ್ಸನ್ನೇ ಕೇಳುತ್ತದೆ. ಅದಕ್ಕೆ ಬುನಾದಿ ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಬರೆದ ಪುಸ್ತಕ. ಹೊಸಬರಿಂದ ಪರಿಣತರವರೆಗೆ ನರ್ಸುಗಳು ಐದು ಮೆಟ್ಟಿಲು ಹತ್ತುತ್ತಾರೆ ಎಂದು ಆಕೆ ತೋರಿಸಿದ್ದರು.

ಸ್ಕೇಲ್‌ನಲ್ಲಿರುವುದು 73 ಹೇಳಿಕೆಗಳು, ಏಳು ಗುಂಪುಗಳಲ್ಲಿ: ರೋಗಿಗೆ ಆಸರೆಯಾಗುವುದು, ತಿಳಿಹೇಳುವುದು, ಸ್ಥಿತಿಯನ್ನು ಗುರುತಿಸುವುದು, ತುರ್ತು ಸನ್ನಿವೇಶ ನಿಭಾಯಿಸುವುದು, ಚಿಕಿತ್ಸೆಯ ಕೆಲಸಗಳು, ಗುಣಮಟ್ಟ ಕಾಯುವುದು, ಸಹೋದ್ಯೋಗಿಗಳ ಜೊತೆಗಿನ ಹೊಣೆ. ಪ್ರತಿ ಹೇಳಿಕೆಗೂ ಸೊನ್ನೆಯಿಂದ ನೂರರವರೆಗಿನ ಒಂದು ಗೆರೆ ಇದೆ. ನಾನು ಎಲ್ಲಿದ್ದೇನೆ ಎನಿಸುತ್ತದೋ ಅಲ್ಲಿ ಗುರುತು ಹಾಕಬೇಕು. ಪಕ್ಕದಲ್ಲೇ ಇನ್ನೊಂದು ಪ್ರಶ್ನೆ: ಈ ಕೆಲಸ ನಿಮ್ಮ ಪಾಲಿಗೆ ಎಷ್ಟು ಸಲ ಬರುತ್ತದೆ? ಬರುವುದೇ ಇಲ್ಲ, ತೀರಾ ಅಪರೂಪಕ್ಕೆ, ಆಗೀಗ, ಪದೇಪದೇ.

ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ಮನೆಯವರಿಗೆ ಆರೈಕೆ ಕಲಿಸುವ ವಿಷಯದಲ್ಲಿ ಇಬ್ಬರು 30ರ ಹತ್ತಿರ ಗುರುತು ಹಾಕಿದರು ಎನ್ನಿ. ಒಬ್ಬರು ಐಸಿಯುನವರು, ಮನೆಯವರ ಜೊತೆ ಕೂತು ಮಾತಾಡಲು ಅವರಿಗೆ ಅವಕಾಶವೇ ಅಪರೂಪ. ಇನ್ನೊಬ್ಬರು ಡಿಸ್ಚಾರ್ಜ್ ಆಗುವವರಿಗೆ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಹೇಳಿಕೊಡಬೇಕಾದವರು. ಅಂಕಿ ಒಂದೇ ಆದರೂ ಮೊದಲನೆಯವರಿಗೆ ಅವಕಾಶ ಸಾಲದು, ಎರಡನೆಯವರಿಗೆ ತರಬೇತಿ ಈ ವಾರವೇ ಬೇಕು. ಹೀಗಾಗಿ 73ರ ಒಟ್ಟು ಸರಾಸರಿಯನ್ನಷ್ಟೇ ನೋಡಿ ಹಾಳೆ ಮಡಚಿದರೆ ತುಂಬಿಸಿದ ಶ್ರಮವೆಲ್ಲ ವ್ಯರ್ಥ.

ತನಗೆ ತಾನೇ ಅಂಕ ಕೊಟ್ಟುಕೊಂಡರೆ ನಂಬುವುದು ಹೇಗೆ? ಕೆಲಸ ಅಷ್ಟಾಗಿ ಬಾರದವರು ತಮ್ಮನ್ನು ಹೆಚ್ಚಾಗಿ ಎಣಿಸಿಕೊಳ್ಳುತ್ತಾರೆಂದು ಮನೋವಿಜ್ಞಾನಿಗಳಾದ ಡನ್ನಿಂಗ್ ಮತ್ತು ಕ್ರೂಗರ್ 1999ರಲ್ಲೇ ತೋರಿಸಿದ್ದಾರೆ. ಆದರೆ ಮೆರೆತೊಯಾ ಮತ್ತು ಹೆಲೆನಾ ಲೈನೊ-ಕಿಲ್ಪಿ 2003ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಕಂಡದ್ದು ಬೇರೆ: ನರ್ಸುಗಳು ತಮಗೆ ಕೊಟ್ಟುಕೊಂಡದ್ದಕ್ಕಿಂತ ಮೇಲ್ವಿಚಾರಕರು ಅವರಿಗೆ ಕೊಟ್ಟ ಅಂಕವೇ ಒಟ್ಟಾರೆ ಹೆಚ್ಚಿತ್ತು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗಲೇ ವ್ಯತ್ಯಾಸ ಎದ್ದು ಕಾಣುವುದು. ಸೂಜಿ ಹಾಕುವ, ಸಿಪಿಆರ್ ಮಾಡುವ ಕೈಚಳಕಕ್ಕಂತೂ ಕಣ್ಣಾರೆ ನೋಡಿ ಗುರುತಿಸುವ ಚೆಕ್‌ಲಿಸ್ಟೇ ಬೇಕು.

ತುಂಬಿಸುವಾಗ ಅವಸರ ಬೇಡ. ನೈಟ್ ಡ್ಯೂಟಿ ಮುಗಿಸಿ ಕಣ್ಣು ಕೂರುತ್ತಿರುವಾಗಲಂತೂ ಬೇಡವೇ ಬೇಡ. ಪ್ರತಿ ಹೇಳಿಕೆಗೂ ಕಳೆದ ತಿಂಗಳ ಒಬ್ಬ ರೋಗಿಯನ್ನು ನೆನೆಸಿಕೊಂಡು ಗುರುತು ಹಾಕಿದರೆ ಉತ್ತರ ವಾಸ್ತವಕ್ಕೆ ಹತ್ತಿರವಿರುತ್ತದೆ. ವರ್ಷ ಬಿಟ್ಟು ಮತ್ತೆ ತುಂಬಿಸಿ ತನ್ನ ಹಳೆಯ ಹಾಳೆಯೊಂದಿಗೇ ಹೋಲಿಸಿಕೊಳ್ಳಬೇಕು. ಕನ್ನಡದಲ್ಲಿ ಬಳಸುವುದಾದರೆ ಅನುವಾದವೊಂದೇ ಸಾಲದು. ನಮ್ಮ ವಾರ್ಡಿನ ನರ್ಸಿಗೆ ಆ ಕೆಲಸದ ಅಧಿಕಾರ ಇದೆಯೇ ಎಂದು ಹೇಳಿಕೆ ಹೇಳಿಕೆಗೂ ಪರೀಕ್ಷಿಸಬೇಕು.

ಈ ಹಾಳೆಯನ್ನು ಇನ್‌ಕ್ರಿಮೆಂಟಿಗೂ ಬಡ್ತಿಗೂ ಜೋಡಿಸಕೂಡದು. ಜೋಡಿಸಿದ ದಿನದಿಂದ ಎಲ್ಲರ ಗುರುತೂ ನೂರರ ಕಡೆ ಸರಿಯುತ್ತದೆ. ಇನ್‌ಚಾರ್ಜ್ ಸಿಸ್ಟರ್ ಹಾಳೆಯನ್ನು ಮುಂದಿಟ್ಟುಕೊಂಡು, “ಇಲ್ಲಿ ಮೂವತ್ತು ಅಂತ ಹಾಕಿದೀಯಲ್ಲಮ್ಮ, ಯಾವುದು ಕಷ್ಟ ಆಗ್ತಿದೆ?” ಎಂದು ಕೇಳಿದಾಗ ಎದುರಿನ ಹುಡುಗಿ ಹೆದರದೆ ಹೇಳುವಂತಿರಬೇಕು.