ಕಣ್ಣೊರೆಸಿಕೊಂಡು ಹಾಡಿದವಳು

ಗಂಡನಿಗಿಂತ ಹೆಂಡತಿ ಒಂದು ಮೆಟ್ಟಿಲು ಮೇಲೆ ಹೋದರೆ ಸಂಸಾರ ಏನಾಗುತ್ತದೆ? ಅದರ ಜೊತೆಗೆ ಗಂಡ ಕುಡುಕನೂ ಆದರೆ? ಇದನ್ನೇ ಇಟ್ಟುಕೊಂಡು ಹಾಲಿವುಡ್‌ನವರು ೧೯೫೪ರಲ್ಲಿ ಹಾಡು-ಕುಣಿತದ ಚಿತ್ರವೊಂದನ್ನು ತೆಗೆದರು. ಹೆಸರು ‘ಎ ಸ್ಟಾರ್ ಈಸ್ ಬಾರ್ನ್’, ಅಂದರೆ ತಾರೆಯೊಬ್ಬಳು ಹುಟ್ಟಿದಳು ಅಂತ. ೧೯೩೭ರಲ್ಲೇ ಒಮ್ಮೆ ಬಂದಿದ್ದ ಕತೆ. ಈ ಸಲ ಅದಕ್ಕೆ ಹಾಡುಗಳು ಸೇರಿದವು.

ಕತೆ ಇಷ್ಟೇ ನೋಡಿ. ಎಸ್ತರ್ ವಾದ್ಯಗೋಷ್ಠಿಯಲ್ಲಿ ಹಾಡುವ ಹುಡುಗಿ. ನಾರ್ಮನ್ ಮೇನ್ ಹೆಸರಾಂತ ನಟ, ಆದರೆ ಕುಡಿತದ ದಾಸ. ಅವಳ ಕಂಠಕ್ಕೆ ಮಾರುಹೋಗಿ ಅವನೇ ಅವಳನ್ನು ಸಿನಿಮಾಕ್ಕೆ ತರುತ್ತಾನೆ. ಮದುವೆಯೂ ಆಗುತ್ತದೆ. ಅವಳು ಮೇಲೇರಿದಂತೆ ಅವನು ಇಳಿಯುತ್ತ ಹೋಗುತ್ತಾನೆ. ಕೊನೆಗೆ ತನ್ನನ್ನು ನೋಡಿಕೊಳ್ಳಲು ಅವಳು ನಟನೆಯನ್ನೇ ಬಿಡಲು ಹೊರಟಿದ್ದಾಳೆಂದು ಕಿವಿಗೆ ಬಿದ್ದಾಗ, ಸಮುದ್ರಕ್ಕೆ ಇಳಿದು ಪ್ರಾಣ ಬಿಡುತ್ತಾನೆ.

ಎಸ್ತರ್ ಪಾತ್ರ ಜೂಡಿ ಗಾರ್ಲೆಂಡ್‌ಳದು, ಗಂಡನ ಪಾತ್ರ ಜೇಮ್ಸ್ ಮೇಸನ್‌ನದು. ನಿರ್ದೇಶನ ಜಾರ್ಜ್ ಕ್ಯೂಕರ್, ಚಿತ್ರಕಥೆ ಮಾಸ್ ಹಾರ್ಟ್. ಹೆರಾಲ್ಡ್ ಆರ್ಲೆನ್ ರಾಗ ಹಾಕಿದರೆ ಐರಾ ಗರ್ಶ್ವಿನ್ ಹಾಡು ಬರೆದರು. ಜೂಡಿಯ ಗಂಡ ಸಿಡ್ ಲಫ್ಟ್‌ನೇ ನಿರ್ಮಾಪಕ.

ಇದರಲ್ಲೊಂದು ದೃಶ್ಯವಿದೆ. ಎಸ್ತರ್ ನಗುನಗುತ್ತ ಹಾಡಿ ಕುಣಿಯುವ ಚಿತ್ರೀಕರಣದಲ್ಲಿದ್ದಾಳೆ. ನಡುವೆ ಬಿಡುವು. ಬಣ್ಣದ ಕೋಣೆಗೆ ಬಂದ ಸ್ಟುಡಿಯೋ ಯಜಮಾನರ ಮುಂದೆ ಅವಳ ಕಟ್ಟೆಯೊಡೆಯುತ್ತದೆ. ಗಂಡನನ್ನು ಪ್ರೀತಿಸುತ್ತೇನೆ, ಕೆಲವು ಸಲ ದ್ವೇಷವೂ ಬರುತ್ತದೆ, ಅಂಥ ನನ್ನನ್ನು ಕಂಡರೂ ನನಗಾಗದು ಅಂತ ಬಿಕ್ಕುತ್ತಾಳೆ. ಆಮೇಲೆ ಕಣ್ಣೊರೆಸಿಕೊಂಡು ಅದೇ ನಗುವಿನ ಹಾಡಿಗೆ ಮರಳುತ್ತಾಳೆ. ಅಡುಗೆಮನೆಯಲ್ಲಿ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ನೆಂಟರಿಗೆ ಕಾಫಿ ಲೋಟ ಹಿಡಿದು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ವಿಧಿಯಾಟ ನೋಡಿ, ನಿಜಜೀವನದಲ್ಲಿ ಆಸರೆ ಬೇಕಾಗಿದ್ದದ್ದು ಜೂಡಿಗೇ. ೧೩ನೇ ವಯಸ್ಸಿಗೇ ಎಂ.ಜಿ.ಎಂ. ಸ್ಟುಡಿಯೋ ಸೇರಿದವಳು. ಮೈ ತೆಳ್ಳಗಿರಲೊಂದು ಮಾತ್ರೆ, ನಿದ್ದೆಗೊಂದು ಮಾತ್ರೆ. ಚಿಕ್ಕಂದಿನಲ್ಲೇ ಅಂಟಿದ ಆ ಚಟ ಬಿಡಲಿಲ್ಲ. ೧೯೫೦ರಲ್ಲಿ ಸ್ಟುಡಿಯೋದ ಋಣ ಹರಿಯಿತು. ನಾಲ್ಕು ವರ್ಷದ ಮೇಲೆ ಅವಳು ತೆರೆಗೆ ಮರಳಿದ್ದು ಈ ಚಿತ್ರದಿಂದಲೇ.

ಮೂರು ಗಂಟೆಯ ಚಿತ್ರವಾದರೆ ದಿನಕ್ಕೆ ಆಟ ಕಡಿಮೆ, ಗಲ್ಲಾಪೆಟ್ಟಿಗೆಗೆ ನಷ್ಟ. ವಾರ್ನರ್ ಕಂಪನಿಯವರು ಬಿಡುಗಡೆಯಾದ ಮೇಲೆ ಸುಮಾರು ಅರ್ಧ ಗಂಟೆ ಕತ್ತರಿಸಿಬಿಟ್ಟರು. ಆಗ ನಿರ್ದೇಶಕರು ಇನ್ನೊಂದು ಚಿತ್ರಕ್ಕೆ ಜಾಗ ಹುಡುಕಲು ನಮ್ಮ ಭಾರತದ ಕಡೆ ಹೊರಟಿದ್ದರು. ಹೋದದ್ದೇನು ಗೊತ್ತೇ? ಮೈಕಿಗೆ ಸಿಕ್ಕಿಬಿದ್ದು ಎಲ್ಲರ ಮುಂದೆ ಬಯಲಾಗುವ ಮದುವೆಯ ಮಾತು, ಮತ್ತೆ ಆ ನಗುವಿನ ಹಾಡು. ಅಳು ಉಳಿಯಿತು, ಅದರ ಹಿಂದುಮುಂದಿನ ನಗುವೇ ಹೋಯಿತು. ಒಗ್ಗರಣೆಯಿಲ್ಲದ ಸಾರಿನ ಹಾಗೆ!

ಆಸ್ಕರ್‌ಗೆ ಆರು ವಿಭಾಗಗಳಲ್ಲಿ ಹೆಸರು ಬಂತು, ಒಂದೂ ಸಿಗಲಿಲ್ಲ. ೧೯೫೫ರ ಮಾರ್ಚಿಯಲ್ಲಿ, ಪ್ರಶಸ್ತಿಯ ಹಿಂದಿನ ದಿನವಷ್ಟೇ ಹೆತ್ತಿದ್ದ ಜೂಡಿಯ ಆಸ್ಪತ್ರೆ ಕೋಣೆಗೇ ಟಿ.ವಿ. ಕ್ಯಾಮರಾಗಳು ಬಂದಿದ್ದವು. ಹೆಸರು ಕೂಗಿದ್ದು ಗ್ರೇಸ್ ಕೆಲಿಯದು. ಪಾಪ, ಬಾಣಂತಿಯನ್ನು ಬಿಟ್ಟು ಕ್ಯಾಮರಾಗಳು ಗಂಟುಮೂಟೆ ಕಟ್ಟಿದವು. ೧೯೬೯ರಲ್ಲಿ ಲಂಡನ್ನಿನಲ್ಲಿ ನಿದ್ದೆಮಾತ್ರೆ ಹೆಚ್ಚಾಗಿ ಅವಳು ತೀರಿಕೊಂಡಾಗ ವಯಸ್ಸು ಬರೀ ೪೭.

ರೊನಾಲ್ಡ್ ಹ್ಯಾವರ್ ಎಂಬ ಪುಣ್ಯಾತ್ಮರು ಸ್ಟುಡಿಯೋದ ಉಗ್ರಾಣಗಳನ್ನು ಜಾಲಾಡಿ, ಕಳೆದದ್ದನ್ನು ಹುಡುಕಿ, ದೃಶ್ಯ ಸಿಗದ ಕಡೆ ಬರೀ ಫೋಟೋಗಳನ್ನು ಧ್ವನಿಗೆ ಜೋಡಿಸಿ, ೧೯೮೩ರಲ್ಲಿ ೧೭೬ ನಿಮಿಷದ ಚಿತ್ರವನ್ನು ಮತ್ತೆ ತೋರಿಸಿದರು. ಕ್ಯೂಕರ್ ಅದೇ ವರ್ಷ ಜನವರಿಯಲ್ಲಿ ಕಣ್ಣುಮುಚ್ಚಿದ್ದರು.

ಹೆಂಡತಿ ತ್ಯಾಗ ಮಾಡಿದರೆ ಗಂಡನ ಕುಡಿತ ಬಿಟ್ಟೀತು ಅಂತ ಈ ಚಿತ್ರ ಸುಳ್ಳು ಹೇಳುವುದಿಲ್ಲ. ಎಸ್ತರ್ ಮಾಡಿದ ಜಾಣತನವೆಂದರೆ ಒಬ್ಬರ ಮುಂದಾದರೂ ಬಾಯಿಬಿಟ್ಟದ್ದು. ಮನೆಯಲ್ಲಿ ಇಂಥ ಸಂಕಟವಿದ್ದರೆ ನೀವೂ ಮರ್ಯಾದೆಗಂಜಿ ನುಂಗಿಕೊಂಡು ಕೂರಬೇಡಿ. ತಾಯಿಗೋ, ಅಕ್ಕನಿಗೋ, ವೈದ್ಯರಿಗೋ ಹೇಳಿ. ಚಿತ್ರ ಸಿಕ್ಕರೆ ೧೭೬ ನಿಮಿಷದ್ದನ್ನೇ ನೋಡಿ. ಕೈಯಲ್ಲೊಂದು ಕರವಸ್ತ್ರ ಇರಲಿ.